ಕುಂಚವೂ ಯಂತ್ರವೂ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 10 ಕಿಲೋಮೀಟರು ಸಾಗಿದರೆ ಮಂಡಕಳ್ಳಿ ಎಂಬ ಊರು ಸಿಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರಲ್ಲಿ, ಇಲ್ಲಿ ವಿಮಾನತಾಣವೊಂದು ನಿರ್ಮಾಣವಾಯಿತು. 2010ರಲ್ಲಿ ಅದು ಹೊಸ ರೂಪ ತಳೆದು ಪ್ರಯಾಣಿಕರ ವಿಮಾನ ನಿಲ್ದಾಣವಾಯಿತು. ಇಲ್ಲಿಯ ಬಯಲಿನಲ್ಲಿ ನಿಂತವರಿಗೆ ಒಂದೆಡೆ ವಿಮಾನಗಳು ಇಳಿಯುವ ಓಡುದಾರಿಯೂ ಇನ್ನೊಂದೆಡೆ ದೂರದಲ್ಲಿ ಚಾಮುಂಡಿ ಬೆಟ್ಟವೂ ಕಾಣುತ್ತವೆ. ಆ ಬೆಟ್ಟದ ಮೇಲೆ ಹದಿನೇಳನೆಯ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ ಆಳ್ವಿಕೆಯಲ್ಲಿ, ಒಂದೇ ಬಂಡೆಯಿಂದ ಕಡೆದ ನಂದಿಯ ವಿಗ್ರಹವಿದೆ.

ನಂದಿಯನ್ನು ಕಂಡವರು ಅದನ್ನು ಕಲೆ ಎನ್ನುತ್ತಾರೆ. ವಿಮಾನವನ್ನು ಕಂಡವರು ಅದನ್ನು ಯಂತ್ರ ಎನ್ನುತ್ತಾರೆ. ಕಲೆಯು ಹೃದಯಕ್ಕೆ ಸೇರಿದ್ದು, ಯಂತ್ರವು ಲೆಕ್ಕಕ್ಕೆ ಸೇರಿದ್ದು, ಇವೆರಡಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಜನರಲ್ಲಿ ಸಾಮಾನ್ಯವಾಗಿದೆ. ಆದರೆ ಈ ಭಾವನೆ ಸರಿಯೆ? ಗಟ್ಟಿಯಾದ ಬಂಡೆಯಲ್ಲಿ ನಂದಿಯ ಕೊರಳ ಗಂಟೆಗಳು ಮೂಡಬೇಕಾದರೆ ಹದವಾದ ಉಳಿ ಬೇಕು. ಕಬ್ಬಿಣವನ್ನು ಕಾಯಿಸಿ, ಬಡಿದು, ನೀರಿನಲ್ಲಿ ಅದ್ದಿ ಅದಕ್ಕೆ ಗಡಸುತನ ತರುವ ವಿದ್ಯೆ ಕಮ್ಮಾರನಿಗೆ ತಿಳಿದಿರಬೇಕು. ಆ ವಿದ್ಯೆಯೂ ತಂತ್ರಜ್ಞಾನವೇ. ಉಪಕರಣವಿಲ್ಲದ ಕಲೆ ಎಂದೂ ಇರಲಿಲ್ಲ. ಉಪಕರಣ ಬದಲಾದಾಗ ಕಲೆಯಲ್ಲಿ ಏನು ಬದಲಾಗುತ್ತದೆ, ಏನು ಬದಲಾಗದೆ ಉಳಿಯುತ್ತದೆ ಎಂಬುದೇ ವಿಚಾರ ಮಾಡಬೇಕಾದ ಪ್ರಶ್ನೆ. ಮಂಡಕಳ್ಳಿಯಿಂದ ಹೊರಟ ಹಾದಿ ಸೇರುವ ಮೈಸೂರು ನಗರದಲ್ಲಿಯೇ ಇದಕ್ಕೆ ಉತ್ತರ ದೊರೆಯುತ್ತದೆ.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ವಿಶೇಷವಾಗಿ ಬೆಳೆಯಿತು. ಅಂದಿನ ಚಿತ್ರಕಾರನಿಗೆ ಅಂಗಡಿಯಲ್ಲಿ ಸಿದ್ಧವಾದ ಸಾಮಗ್ರಿ ಸಿಗುತ್ತಿರಲಿಲ್ಲ. ಹುಣಿಸೆಯ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಅವನು ರೇಖೆಗಳನ್ನು ಎಳೆಯುತ್ತಿದ್ದನು. ಅಳಿಲಿನ ಕೂದಲಿನಿಂದ ಕುಂಚ ಕಟ್ಟುತ್ತಿದ್ದನು. ಖನಿಜಗಳಿಂದಲೂ ಸಸ್ಯಗಳಿಂದಲೂ ಬಣ್ಣಗಳನ್ನು ತೆಗೆಯುತ್ತಿದ್ದನು. ಬಿಳಿಯ ಪುಡಿಯನ್ನು ಅಂಟಿನೊಡನೆ ಕಲಸಿ, ಆ ಪಾಕದಿಂದ ಒಡವೆ, ಕಿರೀಟ, ಮಂಟಪಗಳ ಭಾಗಗಳನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಿದ್ದನು. ತಂಜಾವೂರಿನ ಚಿತ್ರಗಳಲ್ಲಿ ಉಬ್ಬು ಎದ್ದು ಕಾಣುತ್ತದೆ. ಮೈಸೂರಿನ ಚಿತ್ರಗಳಲ್ಲಿ ಅದು ನವಿರಾಗಿದೆ. 2005ರಲ್ಲಿ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಈ ಚಿತ್ರಕಾರನು ಅರ್ಧ ಕಲಾವಿದ, ಅರ್ಧ ರಸಾಯನಶಾಸ್ತ್ರಜ್ಞ ಎಂದರೆ ತಪ್ಪಾಗಲಾರದು.

ಇಷ್ಟರಲ್ಲಿ ಹೊರಗಿನ ಜಗತ್ತಿನಲ್ಲಿ ಹೊಸ ಸಾಧನಗಳು ಹುಟ್ಟಿಕೊಂಡವು. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ಬಣ್ಣವನ್ನು ತುಂಬಿಡುವ ತಗಡಿನ ಕೊಳವೆಯನ್ನು ಕಂಡುಹಿಡಿದನು. ಒಣಗದೆ ಉಳಿಯುವ ತೈಲವರ್ಣವು ಇದರಿಂದ ಊರಿಂದೂರಿಗೆ ಹೋಗುವಂತಾಯಿತು. ಅದಕ್ಕೂ ಮೊದಲು, 1796ರಲ್ಲಿ, ಜರ್ಮನಿಯಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬುವನು ಕಲ್ಲಚ್ಚಿನ ಮುದ್ರಣವನ್ನು ರೂಪಿಸಿದ್ದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು ಕಲ್ಲನ್ನು ನೀರಿನಿಂದ ಒದ್ದೆ ಮಾಡಿದರೆ, ಮುದ್ರಣದ ಮಸಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತದೆ, ಒದ್ದೆಯಾದ ಕಡೆ ಹಿಡಿಯುವುದಿಲ್ಲ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲವೆಂಬ ಸಣ್ಣ ಸತ್ಯವೇ ಈ ವಿದ್ಯೆಯ ಮೂಲ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಬಳಸಿ ಬಹುವರ್ಣದ ಚಿತ್ರವನ್ನೂ ಅಚ್ಚುಮಾಡಬಹುದು.

ಕಿಳಿಮಾನೂರಿನ ರಾಜಾ ರವಿವರ್ಮ (1848–1906) ಈ ಎರಡು ಸಾಧನಗಳನ್ನೂ ತಮ್ಮದಾಗಿಸಿಕೊಂಡರು. ಅವರು ತೈಲವರ್ಣದಲ್ಲಿ ಪುರಾಣದ ಪಾತ್ರಗಳಿಗೆ ರಕ್ತಮಾಂಸದ ರೂಪ ಕೊಟ್ಟರು. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ತಮ್ಮ ಕೊನೆಯ ವರ್ಷಗಳಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರಿಗಾಗಿ ಪುರಾಣದ ಚಿತ್ರಗಳನ್ನು ರಚಿಸಿದರು. ಅವರ ಹಲವು ಮೂಲಕೃತಿಗಳು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿವೆ. ಆದರೆ ಅವರ ಲಕ್ಷ್ಮಿಯನ್ನೂ ಸರಸ್ವತಿಯನ್ನೂ ಜನರು ಮೊದಲು ಕಂಡದ್ದು ಅರಮನೆಯಲ್ಲಲ್ಲ. ತಮ್ಮ ಮನೆಯ ದೇವರಗೂಡಿನಲ್ಲಿ, ಅಂಗಡಿಯ ಗೋಡೆಯಲ್ಲಿ, ಅಚ್ಚಿನ ಪಟಗಳಲ್ಲಿ. ದೇವಾಲಯದ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರ ಮನೆಗೂ ದೇವರ ಚಿತ್ರ ಬಂದಿತು. ಇದು ಯಂತ್ರದ ಉಪಕಾರ. ಆದರೆ ಈ ಲಾಭದ ಜೊತೆಗೆ ನಷ್ಟವೂ ಇತ್ತು. ಅಗ್ಗದ ಪಟ ಬಂದಮೇಲೆ, ತಿಂಗಳುಗಟ್ಟಲೆ ಕುಳಿತು ಚಿನ್ನದ ರೇಕು ಅಂಟಿಸುತ್ತಿದ್ದ ಚಿತ್ರಕಾರನ ಕೆಲಸಕ್ಕೆ ಬೇಡಿಕೆ ತಗ್ಗಿತು. ಊರೂರಿಗೆ ಬೇರೆಬೇರೆಯಾಗಿದ್ದ ದೇವತೆಗಳ ಮುಖಗಳು ಒಂದೇ ಅಚ್ಚಿಗೆ ಇಳಿಯತೊಡಗಿದವು.

ಕಲೆಗೆ ಇನ್ನೂ ದೊಡ್ಡ ಸವಾಲನ್ನು ಒಡ್ಡಿದುದು ಛಾಯಾಚಿತ್ರ. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಗೇರನ ಛಾಯಾಗ್ರಹಣ ವಿಧಾನ ಪ್ರಕಟವಾದಾಗ, ಇನ್ನು ಚಿತ್ರಕಾರನಿಗೆ ಕೆಲಸವೇನು ಎಂಬ ಪ್ರಶ್ನೆ ಎದ್ದಿತು. ಮುಖವನ್ನು ಇದ್ದಂತೆ ತೋರಿಸುವ ಕೆಲಸವನ್ನು ಯಂತ್ರವೇ ಕ್ಷಣಾರ್ಧದಲ್ಲಿ ಮಾಡುವುದಾದರೆ ಕುಂಚವನ್ನು ಹಿಡಿಯಬೇಕೇಕೆ? ಈ ಪ್ರಶ್ನೆಗೆ ಮೈಸೂರಿನ ಕಲಾವಿದರು ಮಾತಿನಲ್ಲಲ್ಲ, ಗೋಡೆಯ ಮೇಲೆ ಉತ್ತರ ಕೊಟ್ಟರು.

1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನರ ವಿನ್ಯಾಸದಂತೆ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಕಲ್ಯಾಣ ಮಂಟಪದಲ್ಲಿ ಗ್ಲಾಸ್ಗೋ ನಗರದಲ್ಲಿ ತಯಾರಾದ ಎರಕದ ಕಬ್ಬಿಣದ ಕಂಬಗಳೂ ನವಿಲಿನ ಚಿತ್ತಾರದ ಬಣ್ಣದ ಗಾಜಿನ ಚಾವಣಿಯೂ ಇವೆ. ಆ ಮಂಟಪದ ಸುತ್ತಣ ಗೋಡೆಗಳಲ್ಲಿ 1930ರ ದಸರಾ ಮೆರವಣಿಗೆಯನ್ನು ತೋರಿಸುವ 26 ಚಿತ್ರಫಲಕಗಳಿವೆ. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಅರಮನೆಯ ಕಲಾವಿದರು ಅವನ್ನು ರಚಿಸಿದರು. ಕೆಲಸ ಮೊದಲಾದುದು 1934ರಲ್ಲಿ; ಮುಗಿದುದು 1945ರಲ್ಲಿ.

ಈ ವರ್ಷಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. ಛಾಯಾಚಿತ್ರವೊಂದನ್ನು ತೆಗೆಯಲು ಬೇಕಾದುದು ಒಂದು ಕ್ಷಣ. ಆ ಕ್ಷಣಗಳನ್ನು ಬಣ್ಣದಲ್ಲಿ ಬಿಡಿಸಲು ಬೇಕಾದುದು ಹನ್ನೊಂದು ವರ್ಷ. ಆ ಹನ್ನೊಂದು ವರ್ಷ ಕಲಾವಿದರು ಯಂತ್ರ ಕಂಡುದನ್ನು ಕೇವಲ ನಕಲು ಮಾಡಿದರೆ? ಇಲ್ಲ. ಅಂದಿನ ಛಾಯಾಚಿತ್ರಗಳು ಸಾಮಾನ್ಯವಾಗಿ ಕಪ್ಪು ಬಿಳುಪಿನವು. ಆನೆಯ ಜೂಲಿನ ಕೆಂಪು, ಸೈನಿಕರ ಉಡುಪಿನ ಬಣ್ಣ, ಮಧ್ಯಾಹ್ನದ ಬಿಸಿಲಿನ ಹೊಳಪು ಇವು ಬಂದುದು ಮೆರವಣಿಗೆಯನ್ನು ಕಂಡ ಕಣ್ಣಿನಿಂದ, ನೆನಪಿಟ್ಟುಕೊಂಡ ಮನಸ್ಸಿನಿಂದ. ಕ್ಯಾಮೆರಾ ಒಂದು ಸಲಕ್ಕೆ ಬೀದಿಯ ಒಂದು ತುಂಡನ್ನು ಹಿಡಿಯಿತು. ಕಲಾವಿದರು ಆ ತುಂಡುಗಳನ್ನು ಜೋಡಿಸಿ, ನೋಡುಗನು ಮಂಟಪದ ಸುತ್ತ ನಡೆದಂತೆ ಮೆರವಣಿಗೆಯೂ ಅವನೊಡನೆ ಸಾಗುವಂತೆ ಮಾಡಿದರು. ನಿಖರತೆಯ ಭಾರವನ್ನು ಯಂತ್ರ ಹೊತ್ತುಕೊಂಡಿತು. ಆದರೆ ಕಲಾವಿದನ ಹೊಣೆ ಕಡಿಮೆಯಾಗಲಿಲ್ಲ. ಅದು ಬೇರೆ ಕಡೆಗೆ ಸರಿಯಿತು. ಯಾವುದನ್ನು ಆರಿಸಬೇಕು, ಯಾವುದನ್ನು ಬಿಡಬೇಕು, ಆರಿಸಿದುದಕ್ಕೆ ಯಾವ ಅರ್ಥ ಕೊಡಬೇಕು ಎಂಬ ಹೊಣೆ ಅವನಲ್ಲಿಯೇ ಉಳಿಯಿತು.

ಕ್ಯಾಮೆರಾ ಸುಳ್ಳಾಡುವುದಿಲ್ಲ ಎಂಬ ಮಾತುಂಟು. ಅದೂ ಪೂರ್ತಿ ನಿಜವಲ್ಲ. ಕ್ಯಾಮೆರಾವನ್ನು ಹಿಡಿದವನ ಉದ್ದೇಶವೂ ಚಿತ್ರದೊಳಗೆ ಸೇರಿಕೊಳ್ಳುತ್ತದೆ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಬುಡಕಟ್ಟಿನ ಜನರನ್ನು ಚೌಕುಳಿ ಗೆರೆಗಳ ಪರದೆಯ ಮುಂದೆ ನಿಲ್ಲಿಸಿ, ವಸ್ತುಗಳನ್ನು ಅಳೆಯುವಂತೆ ಅಳೆದು ಛಾಯಾಚಿತ್ರ ತೆಗೆದ ನಿದರ್ಶನಗಳಿವೆ. ಬೆಂಗಳೂರಿನಲ್ಲಿ 1956ರಲ್ಲಿ ಜನಿಸಿದ ಕಲಾವಿದೆ ಎನ್. ಪುಷ್ಪಮಾಲಾ ಈ ಸಂಗತಿಯನ್ನೇ ತಮ್ಮ ಕಲೆಯ ವಸ್ತುವನ್ನಾಗಿ ಮಾಡಿಕೊಂಡರು. ಶಿಲ್ಪಕಲೆಯಲ್ಲಿ ತರಬೇತಿ ಪಡೆದ ಅವರು, 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ಸೇರಿ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಗಳ ಮಾಲೆಯೊಂದನ್ನು ರಚಿಸಿದರು. ಅದರಲ್ಲಿ ಅವರು ಬಣ್ಣದ ಪರದೆಗಳ ಮುಂದೆ ತಾವೇ ವೇಷ ಧರಿಸಿ ನಿಂತರು. ಒಮ್ಮೆ ರವಿವರ್ಮರ ಲಕ್ಷ್ಮಿಯಾದರು; ಒಮ್ಮೆ ಅವರ ಬೆಳುದಿಂಗಳಿನ ಹೆಣ್ಣಾದರು; ಒಮ್ಮೆ ಚೌಕುಳಿ ಪರದೆಯ ಮುಂದೆ ಅಳತೆಗೆ ಒಳಗಾದ ಬುಡಕಟ್ಟಿನ ಮಹಿಳೆಯಾದರು. ಎಲ್ಲೆಡೆಯೂ ಕಂಡು ಕಂಡು ಅಭ್ಯಾಸವಾದ ಚಿತ್ರಗಳನ್ನು ಜೀವಂತ ವ್ಯಕ್ತಿಯೊಬ್ಬರು ಮತ್ತೆ ಧರಿಸಿ ನಿಂತಾಗ ನೋಡುಗನಲ್ಲಿ ಪ್ರಶ್ನೆ ಹುಟ್ಟುತ್ತದೆ: ಹೆಣ್ಣು ಹೀಗೆಯೇ ಇರಬೇಕೆಂದು ನಿರ್ಧರಿಸಿದವರು ಯಾರು? ಅಚ್ಚಿನ ಯಂತ್ರ ಮನೆಮನೆಗೆ ಹಂಚಿದ ರೂಪವನ್ನು ಕ್ಯಾಮೆರಾದ ಮೂಲಕವೇ ಪರೀಕ್ಷಿಸಿದ ಈ ಕೃತಿ ಸಮಕಾಲೀನ ಕಲೆಯ ಒಂದು ಮುಖ್ಯ ಲಕ್ಷಣವನ್ನು ತೋರಿಸುತ್ತದೆ. ಇಂದಿನ ಕಲಾವಿದನಿಗೆ ಯಂತ್ರವು ಸಾಧನ ಮಾತ್ರವಲ್ಲ. ವಿಚಾರಣೆಯ ವಿಷಯವೂ ಹೌದು.

ದಸರೆಯ ಮೈಸೂರಿಗೆ ಮತ್ತೆ ಬರೋಣ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಉತ್ಪಾದನೆಯಾಗತೊಡಗಿತು. ಇಂದು ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳು ಅರಮನೆಯ ಆಕಾರವನ್ನು ಕತ್ತಲೆಯ ಮೇಲೆ ಬೆಳಕಿನ ರೇಖೆಗಳಿಂದ ಬರೆಯುತ್ತವೆ. 2024ರ ದಸರೆಯಲ್ಲಿ ಬನ್ನಿಮಂಟಪದ ಮೈದಾನದ ಮೇಲೆ ಸುಮಾರು 1,500 ಡ್ರೋನುಗಳು ಗಣಕಯಂತ್ರದ ಆದೇಶದಂತೆ ಹಾರಿ, ಒಂದೊಂದೂ ಒಂದೊಂದು ಬೆಳಕಿನ ಚುಕ್ಕೆಯಾಗಿ, ಆಕಾಶದಲ್ಲಿ ಚಿತ್ರಗಳನ್ನು ಮೂಡಿಸಿದವು. ನೆಲದ ಮೇಲೆ ಗೃಹಿಣಿಯು ಚುಕ್ಕೆಯಿಟ್ಟು ರಂಗೋಲಿ ಹಾಕುವ ಕ್ರಮವೇ ಇಲ್ಲಿ ಮುಗಿಲಿಗೆ ಏರಿತು. ಆದರೆ ಆ ಚಿತ್ರಗಳ ಆಯುಷ್ಯ ಕೆಲವೇ ನಿಮಿಷ. ಕಲ್ಯಾಣ ಮಂಟಪದ ಫಲಕಗಳ ಮುಂದೆ ಜನ ಇಂದಿಗೂ ನಿಲ್ಲುತ್ತಾರೆ. ಕ್ಷಣಿಕವಾದುದೆಲ್ಲ ಕೀಳಲ್ಲ, ರಂಗೋಲಿಯೂ ಕ್ಷಣಿಕವೇ. ಆದರೂ ಹೊಸತು ಎಂಬ ಒಂದೇ ಕಾರಣಕ್ಕೆ ಯಾವುದೂ ಕಲೆಯಾಗುವುದಿಲ್ಲ. ಬೆರಗು ಕಳೆದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಈಗ ಇನ್ನೊಂದು ಯಂತ್ರ ವಿದ್ಯಾರ್ಥಿಯ ಕೈಗೇ ಬಂದಿದೆ. ಕೃತಕ ಬುದ್ಧಿಮತ್ತೆಯನ್ನು ಅಳವಡಿಸಿದ ಗಣಕಕ್ಕೆ ನಾಲ್ಕು ಮಾತು ಬರೆದರೆ, ಅದು ಅರೆನಿಮಿಷದಲ್ಲಿ ಚಿತ್ರವನ್ನು ಒದಗಿಸುತ್ತದೆ. ಅಸಂಖ್ಯಾತ ಚಿತ್ರಗಳನ್ನು ಪರಿಶೀಲಿಸಿ, ಅವುಗಳಲ್ಲಿ ಮರಳಿ ಮರಳಿ ಬರುವ ಸಂಬಂಧಗಳನ್ನು ಗುರುತಿಸಿ ಅದು ಈ ಕೆಲಸವನ್ನು ಕಲಿತಿದೆ. ಆ ಚಿತ್ರಗಳನ್ನು ರಚಿಸಿದವರು ಮನುಷ್ಯರು. ಅವರಲ್ಲಿ ಅನೇಕರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಹೀಗೆ ದೊರೆತ ಚಿತ್ರವನ್ನು ವಿದ್ಯಾರ್ಥಿಯೊಬ್ಬನು ತನ್ನದೆಂದು ಶಾಲೆಯಲ್ಲಿ ಒಪ್ಪಿಸಿದರೆ ಅವನು ಗುರುಗಳನ್ನು ಮಾತ್ರ ವಂಚಿಸುವುದಿಲ್ಲ. ತನ್ನ ಕಣ್ಣಿಗೆ ಸಿಗಬೇಕಾದ ಶಿಕ್ಷಣವನ್ನೂ ಕಳೆದುಕೊಳ್ಳುತ್ತಾನೆ. ಹಾಗೆಂದು ಯಂತ್ರವನ್ನು ದೂರವಿಡುವುದೂ ವಿವೇಕವಲ್ಲ. ಕಲ್ಲಚ್ಚನ್ನು, ಕ್ಯಾಮೆರಾವನ್ನು ಹಿಂದಿನವರು ತಿಳಿದು ಬಳಸಿದಂತೆ ಇದನ್ನೂ ತಿಳಿದು ಬಳಸಬೇಕು.

ಕಲೆಯನ್ನು ಕಲಿಸುವ ಸಂಸ್ಥೆಗಳು ಈ ಮಾರ್ಗವನ್ನೇ ಹಿಡಿದಿವೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಸಂಸ್ಥೆಯಲ್ಲಿ ಚಿತ್ರಕಲೆ, ಶಿಲ್ಪಕಲೆಗಳ ಜೊತೆಯಲ್ಲಿಯೇ ಗ್ರಾಫಿಕ್ ಕಲೆ, ಅನ್ವಯಿಕ ಕಲೆ ಮತ್ತು ಛಾಯಾಚಿತ್ರಕಲೆಗಳಿಗೂ ಸ್ಥಾನವಿದೆ. ಯಾವ ಕೃತಿಯ ಮುಂದೆ ನಿಂತಾಗಲೂ ವಿದ್ಯಾರ್ಥಿಯು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿ ಉಪಕರಣ ಮಾಡಿದ ಕೆಲಸವೇನು? ಮನುಷ್ಯ ಮಾಡಿದ ಕೆಲಸವೇನು? ಈ ಉಪಕರಣ ಬಂದುದರಿಂದ ದೊರೆತುದೇನು, ಕಳೆದುಹೋದುದೇನು?

ಮಂಡಕಳ್ಳಿಯ ಬಯಲಿನಲ್ಲಿ ವಿಮಾನವೊಂದು ಇಳಿಯುತ್ತಿದೆ ಎಂದು ಭಾವಿಸೋಣ. ಬಾಲಕಿಯೊಬ್ಬಳು ಅದರ ಛಾಯಾಚಿತ್ರವನ್ನು ದೂರವಾಣಿಯಲ್ಲಿ ತೆಗೆದುಕೊಳ್ಳುತ್ತಾಳೆ. ಮನೆಗೆ ಬಂದು ಅದನ್ನೇ ನೋಡುತ್ತ ಕಾಗದದ ಮೇಲೆ ಬರೆಯಲು ಕುಳಿತುಕೊಳ್ಳುತ್ತಾಳೆ. ಆಗ ಅವಳಿಗೆ, ವಿಮಾನದ ನೆರಳು ಹೊಲದ ಮೇಲೆ ಓಡಿದುದು, ಬೇಲಿಯ ಬಳಿಯ ಹಸು ಬೆದರಿ ತಲೆಯೆತ್ತಿದುದು ನೆನಪಾಗುತ್ತದೆ. ಛಾಯಾಚಿತ್ರದಲ್ಲಿ ಆ ನೆರಳೂ ಇಲ್ಲ, ಆ ಹಸುವೂ ಇಲ್ಲ. ಅವಳು ಅವೆರಡನ್ನೂ ಬರೆಯುತ್ತಾಳೆ. ಯಂತ್ರ ಬಿಟ್ಟುದನ್ನು ಕಂಡುಕೊಂಡ ಆ ಗಳಿಗೆಯಲ್ಲಿಯೇ ಅವಳ ಕಲೆ ಆರಂಭವಾಗುತ್ತದೆ.

ಅಭ್ಯಾಸ

1. ಉಳಿಯನ್ನೂ ತಂತ್ರಜ್ಞಾನವೆಂದು ಏಕೆ ಹೇಳಬೇಕು?
2. ಕಲ್ಲಚ್ಚಿನ ಮುದ್ರಣದ ಮೂಲತತ್ವವನ್ನು ವಿವರಿಸಿರಿ. ಅಚ್ಚಿನ ಪಟಗಳಿಂದ ಆದ ಲಾಭ ನಷ್ಟಗಳಾವುವು?
3. ಕಲ್ಯಾಣ ಮಂಟಪದ ಚಿತ್ರಫಲಕಗಳು ಛಾಯಾಚಿತ್ರಗಳ ಕೇವಲ ನಕಲಲ್ಲ ಎಂಬುದನ್ನು ಸಮರ್ಥಿಸಿರಿ.
4. "ಕಲಾವಿದನ ಹೊಣೆ ಕಡಿಮೆಯಾಗಲಿಲ್ಲ, ಅದು ಬೇರೆ ಕಡೆಗೆ ಸರಿಯಿತು." ಈ ಮಾತನ್ನು ನಿದರ್ಶನದೊಡನೆ ವಿವರಿಸಿರಿ.
5. ನಿಮ್ಮ ಊರಿನ ಒಂದು ದೃಶ್ಯದ ಛಾಯಾಚಿತ್ರ ತೆಗೆದು, ಅದೇ ದೃಶ್ಯವನ್ನು ಕೈಯಿಂದಲೂ ಬರೆಯಿರಿ. ಎರಡಕ್ಕೂ ಇರುವ ವ್ಯತ್ಯಾಸವನ್ನು ಹತ್ತು ವಾಕ್ಯಗಳಲ್ಲಿ ತಿಳಿಸಿರಿ.