ಮೀನಿಗೆ ಔಷಧಿ, ಸಿಗಡಿಗೆ ವಿಷ: ಒಂದು ಅಭ್ಯಾಸ ಪಾಠದ ಅನುಭವ

ತರಗತಿ: 8
ವಿಷಯ: ವಿಜ್ಞಾನ
ಘಟಕ: ಸೂಕ್ಷ್ಮಜೀವಿಗಳು
ಅವಧಿ: 40 ನಿಮಿಷ

ಹಿನ್ನೆಲೆ

ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಿತ್ತು. ತರಗತಿಯ ಗಾಜಿನ ತೊಟ್ಟಿಯಲ್ಲಿ 7 ಗಪ್ಪಿ ಮೀನುಗಳೂ 12 ಸಣ್ಣ ಸಿಹಿನೀರಿನ ಸಿಗಡಿಗಳೂ ಇದ್ದವು. ಸಿಗಡಿಗಳನ್ನು ಒಬ್ಬ ವಿದ್ಯಾರ್ಥಿ ಮನೆಯಿಂದ ತಂದಿದ್ದ. ಮೂರನೆಯ ವಾರ ಮೀನುಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಅಂಗಡಿಯಿಂದ ಔಷಧಿ ತಂದು, ಶೀಶೆಯ ಮೇಲಿದ್ದ ಅಳತೆಯಂತೆಯೇ ತೊಟ್ಟಿಗೆ ಹಾಕಿದೆ. ಮರುದಿನ ಬೆಳಿಗ್ಗೆ 9 ಸಿಗಡಿಗಳು ಸತ್ತಿದ್ದವು. ಆ ಔಷಧಿಯಲ್ಲಿ ತಾಮ್ರದ ಸಲ್ಫೇಟ್ ಇದೆಯೆಂದು ನಾನು ಓದಿದ್ದು ಆಮೇಲೆ.

“ಟೀಚರ್, ನೀವು ಹಾಕಿದ ಔಷಧಿಯಿಂದಲೇ ಸತ್ತದ್ದಾ?” ಎಂದು ಆ ಹುಡುಗ ಕೇಳಿದ. “ಹೌದು” ಎಂದೆ. ಉಳಿದ ಮೂರನ್ನು ಬೇರೆ ನೀರಿಗೆ ಬಿಟ್ಟೆವು. ಮಾರ್ಗದರ್ಶಕ ಶಿಕ್ಷಕಿಯವರ ಸಲಹೆಯಂತೆ ನಡೆದದ್ದನ್ನೇ ಅಂದಿನ ಪಾಠವಾಗಿಸಿದೆ.

ಪಾಠದ ಬೆಳವಣಿಗೆ

1. ರೋಗಕಾರಕದ ಜೀವನಚಕ್ರ: ಬಿಳಿ ಚುಕ್ಕೆಗೆ ಕಾರಣ ಇಕ್ತಿಯೋಫ್ತೀರಿಯಸ್ ಎಂಬ ಪ್ರೋಟೋಜೋವಾ. ಅದು ಮೀನಿನ ಚರ್ಮದೊಳಗೆ ಬೆಳೆದು, ಕಳಚಿ ತಳಕ್ಕೆ ಬೀಳುತ್ತದೆ. ಅಲ್ಲಿ ಹೊದಿಕೆಯೊಳಗೆ ವಿಭಜನೆಯಾಗಿ ನೂರಾರು ಮರಿಗಳಾಗುತ್ತದೆ. ಈಜುವ ಈ ಮರಿಗಳಿಗೆ ಸುಮಾರು ಎರಡು ದಿನದೊಳಗೆ ಮೀನು ಸಿಗದಿದ್ದರೆ ಸಾಯುತ್ತವೆ. ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, “ಔಷಧಿ ಯಾವ ಹಂತದಲ್ಲಿ ತಾಗುತ್ತದೆ?” ಎಂದು ಕೇಳಿದೆ. ಈಜುವ ಹಂತದಲ್ಲಿ ಮಾತ್ರ ಎಂಬುದನ್ನು ಚರ್ಚೆಯ ನಂತರ ಮಕ್ಕಳೇ ಹೇಳಿದರು. ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸಬಾರದೇಕೆ ಎಂಬುದೂ ಇದರಿಂದಲೇ ಸ್ಪಷ್ಟವಾಯಿತು.

2. ತಾಮ್ರ ಮತ್ತು ಸಿಗಡಿ: ಸಿಗಡಿಯ ರಕ್ತದಲ್ಲಿ ಆಮ್ಲಜನಕ ಸಾಗಿಸುವ ಹೀಮೋಸಯನಿನ್‌ನಲ್ಲಿ ತಾಮ್ರವಿದೆ ಎಂದೆ. “ಹಾಗಾದರೆ ತಾಮ್ರ ವಿಷ ಹೇಗಾಯಿತು?” ಎಂದು ಒಬ್ಬಳು ಕೇಳಿದಳು. ದೇಹಕ್ಕೆ ಬೇಕಾದದ್ದು ಅತ್ಯಲ್ಪ. ನೀರಿನಲ್ಲಿ ಕರಗಿದ ಹೆಚ್ಚಿನ ತಾಮ್ರ ಕಿವಿರುಗಳಿಗೇ ಹಾನಿ ಮಾಡುತ್ತದೆ. ಮೀನು ತಾಳುವ ಪ್ರಮಾಣವನ್ನು ಸಿಗಡಿ, ಬಸವನಹುಳು ತಾಳಲಾರವು.

3. ಪರಿಹಾರದ ಯೋಜನೆ: “ಔಷಧಿಯನ್ನು ತೊಟ್ಟಿಗೆ ತರುವ ಬದಲು ಬೇರೇನು ಮಾಡಬಹುದಿತ್ತು?” ಎಂದು ಗುಂಪುಗಳಲ್ಲಿ ಯೋಚಿಸಲು ಬಿಟ್ಟೆ. ಎಲ್ಲ ಮೀನುಗಳನ್ನೂ ಬೇರೆ ಬಕೆಟ್ಟಿಗೆ ಸಾಗಿಸುವುದೆಂದು ಒಂದು ಗುಂಪು ಹೇಳಿತು. ಆ ರೋಗಾಣು ಸಿಗಡಿಯ ಮೇಲೆ ಬದುಕದು. ಎರಡು ವಾರ ಮೀನಿಲ್ಲದೆ ಇಟ್ಟರೆ ನಮ್ಮೂರಿನ ಸೆಕೆಯಲ್ಲಿ ತೊಟ್ಟಿ ಔಷಧಿಯಿಲ್ಲದೆಯೇ ಶುದ್ಧವಾಗುತ್ತದೆ.

ಬಕೆಟ್ಟಿಗೆ ಲೆಕ್ಕ ಹಾಕಿಸಿದೆ. ನೀರು 10 ಲೀಟರ್, ಉಪ್ಪು ಲೀಟರಿಗೆ 2 ಗ್ರಾಂ, ಒಟ್ಟು 20 ಗ್ರಾಂ. ದಿನವೂ 3 ಲೀಟರ್ ನೀರು ಬದಲಿಸಿದರೆ ಸೇರಿಸಬೇಕಾದ ಉಪ್ಪೆಷ್ಟು? ಹಲವರು ಮತ್ತೆ 20 ಎಂದರು. ಸರಿಯುತ್ತರ 6. ಗಪ್ಪಿ ಉಪ್ಪನ್ನು ತಾಳುವ ಮೀನು, ಎಲ್ಲ ಮೀನಿಗೂ ಈ ಅಳತೆ ಸಲ್ಲದು ಎಂದೂ ತಿಳಿಸಿದೆ.

ಮೌಲ್ಯಮಾಪನ

“ನಮ್ಮ ಸಿಗಡಿ ಕೆರೆಗೂ ಬಿಳಿಚುಕ್ಕೆ ರೋಗ ಬರುತ್ತದಲ್ಲ, ಅದೂ ಇದೇನಾ?” ಎಂದು ಒಬ್ಬ ಕೇಳಿದ. ಅದು ವೈರಸ್ಸಿನಿಂದ ಬರುವ ಬೇರೆಯೇ ರೋಗ. ಎರಡನ್ನೂ ಹೋಲಿಸಿ ಪಟ್ಟಿ ಮಾಡುವುದನ್ನು ಮನೆಗೆಲಸವಾಗಿ ಕೊಟ್ಟೆ.

ಆತ್ಮಾವಲೋಕನ

ಮೊದಲ ಹತ್ತು ನಿಮಿಷ ನಾನೇ ಹೆಚ್ಚು ಮಾತಾಡಿದೆ ಎಂದು ಮಾರ್ಗದರ್ಶಕರು ಟಿಪ್ಪಣಿ ಬರೆದರು. ಶೀಶೆಯನ್ನು ಮಕ್ಕಳ ಕೈಗೇ ಕೊಟ್ಟು ಓದಿಸಬಹುದಿತ್ತು. ತಾಮ್ರ ಬೆರೆತ ನೀರನ್ನು ಚೆಲ್ಲಿ ತೊಟ್ಟಿಯನ್ನೂ ಮರಳನ್ನೂ ಹಲವು ಸಲ ತೊಳೆದೆವು. ಮೀನುಗಳು ಬಕೆಟ್ಟಿನಲ್ಲಿ ಚೇತರಿಸಿಕೊಂಡವು. ಸಿಗಡಿ ತಂದಿದ್ದ ಹುಡುಗ ಈಗ ತೊಟ್ಟಿಯ ಮೇಲ್ವಿಚಾರಕ. ಯಾರೇ ಏನೇ ಹಾಕಲು ಬಂದರೂ “ಸಿಗಡಿಗೆ ಆಗುತ್ತದಾ?” ಎಂದು ಮೊದಲು ಕೇಳುತ್ತಾನೆ.