ತೀರ್ಮಾನದ ಮೇಲೆ ಮೊದಲ ಸಂಖ್ಯೆಯ ಪ್ರಭಾವ

ಮೊದಲು ಕಿವಿಗೆ ಬಿದ್ದ ಸಂಖ್ಯೆಯು ಅನುಭವಿ ಮನಸ್ಸನ್ನೂ ತನ್ನತ್ತ ಸೆಳೆಯುತ್ತದೆಂದು ವರ್ತನಾ ವಿಜ್ಞಾನವು ತೋರಿಸಿದೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಕಾನೂನು ವೃತ್ತಿಯವರು ಕಳ್ಳತನದ ಮಾದರಿ ಪ್ರಕರಣವನ್ನು ಓದಿ ದಾಳಗಳನ್ನು ಎಸೆದರು. ಮೊತ್ತ 3 ಬಂದವರು ಸರಾಸರಿ ಸುಮಾರು 5 ತಿಂಗಳು, 9 ಬಂದವರು ಸುಮಾರು 8 ತಿಂಗಳು ಶಿಕ್ಷೆ ಸೂಚಿಸಿದರು.

ಶಿಕಾರಿಪುರ, ಸೊರಬದ ವರ್ತಕರಿಗೂ ಇದು ಅನ್ವಯಿಸುತ್ತದೆ. ಚೆಕ್ ಅಮಾನ್ಯ ಪ್ರಕರಣವು ಲೋಕ ಅದಾಲತ್‌ಗೆ ಬಂದಾಗ, 138ನೇ ಕಲಮಿನ ಗರಿಷ್ಠ ದಂಡವಾದ ಚೆಕ್ ಮೊತ್ತದ ಇಮ್ಮಡಿಯು ಮಾತುಕತೆಯ ಆರಂಭವಾಗಿಬಿಟ್ಟರೆ ರಾಜಿಯೂ ಅತ್ತಲೇ ವಾಲುತ್ತದೆ. ಆದುದರಿಂದ ನಿಜವಾದ ಬಾಕಿಯನ್ನು ಬಿಲ್ಲು, ಖಾತೆ, ರಸೀದಿಗಳ ಆಧಾರದಿಂದ ಲೆಕ್ಕಹಾಕಿ, ಲಿಖಿತವಾಗಿ ತಾವೇ ಮೊದಲು ಮಂಡಿಸುವುದು ಲೇಸು. ಅದಾಲತ್ತಿನ ಐತೀರ್ಪಿಗೆ 1987ರ ಕಾಯಿದೆಯಂತೆ ಮೇಲ್ಮನವಿಯಿಲ್ಲ. ಲೆಕ್ಕವು ಸಹಿಗೆ ಮೊದಲೇ ಮುಗಿದಿರಬೇಕು.