ಪರವಾನಗಿ ವ್ಯವಹಾರ: ಜಪಾನಿನ ಅನಿಮೆ ಕಲಿಸುವ ಪಾಠ

ಶಾಲಾ ಚೀಲ, ಟೀ ಶರ್ಟು, ನೀರಿನ ಬಾಟಲಿಗಳ ಮೇಲೆ ಜಪಾನಿನ ಅನಿಮೆ ಪಾತ್ರಗಳ ಚಿತ್ರವಿದ್ದರೆ ಮಾಲು ಬೇಗ ಖರ್ಚಾಗುತ್ತದೆಂಬುದು ಜಯನಗರ, ಬನಶಂಕರಿಯ ವ್ಯಾಪಾರಿಗಳು ಬಲ್ಲ ಸಂಗತಿ. ಆ ಚಿತ್ರಕ್ಕೆ ಒಡೆಯನಿದ್ದಾನೆ, ಅದನ್ನು ಬಳಸಲು ಪರವಾನಗಿ ಬೇಕು ಎಂಬ ಅಂಶದತ್ತ ಮಾತ್ರ ಗಮನ ಹರಿಯುವುದು ಕಡಿಮೆ.

ಹಕ್ಕಿನ ಹಂಚಿಕೆ

ಜಪಾನಿನಲ್ಲಿ ಬಹುತೇಕ ಅನಿಮೆಗಳಿಗೆ ಪ್ರಕಾಶಕರು, ದೂರದರ್ಶನ ವಾಹಿನಿ, ಆಟಿಕೆ ತಯಾರಕರು, ಸಂಗೀತ ಸಂಸ್ಥೆ ಮುಂತಾದವರು ಕೂಡಿ ‘ನಿರ್ಮಾಣ ಸಮಿತಿ’ ರಚಿಸಿ ಬಂಡವಾಳ ಹೂಡುತ್ತಾರೆ. ಪರವಾನಗಿಯನ್ನು ದೇಶ, ಭಾಷೆ, ಮಾಧ್ಯಮ, ಅವಧಿ ಹೀಗೆ ಬಿಡಿಬಿಡಿಯಾಗಿ ನೀಡಲಾಗುತ್ತದೆ. ಪ್ರಸಾರದ ಹಕ್ಕು ಪಡೆದವನಿಗೆ ಟೀ ಶರ್ಟಿನ ಹಕ್ಕು ತಾನಾಗಿ ಬಾರದು.

ಪಾವತಿಯಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ: ಮುಂಗಡವಾಗಿ ಕನಿಷ್ಠ ಖಾತರಿ ಮೊತ್ತ, ಮಾರಾಟದ ಮೇಲೆ ಶೇಕಡಾವಾರು ರಾಯಧನ. ಉದಾಹರಣೆಗೆ, ಖಾತರಿ 5 ಲಕ್ಷ ರೂ., ರಾಯಧನ ಶೇ. 10 ಎಂದಿಟ್ಟುಕೊಳ್ಳೋಣ. ಮಾರಾಟ 50 ಲಕ್ಷ ರೂ. ದಾಟಿದ ನಂತರವೇ ಹೆಚ್ಚುವರಿ ರಾಯಧನ ಸಲ್ಲುತ್ತದೆ. ಮಾರಾಟ 30 ಲಕ್ಷಕ್ಕೆ ನಿಂತರೆ ರಾಯಧನದ ಲೆಕ್ಕ 3 ಲಕ್ಷ ಮಾತ್ರ. ಉಳಿದ 2 ಲಕ್ಷ ತಯಾರಕನ ತಲೆಗೆ ಬೀಳುತ್ತದೆ.

ಅಭಿಮಾನಿಗಳ ಉಪಶೀರ್ಷಿಕೆ

ಅಮೆರಿಕದ ಅಭಿಮಾನಿಗಳು 1980ರ ದಶಕದಿಂದಲೇ ಪರವಾನಗಿಯಿಲ್ಲದೆ ಇಂಗ್ಲಿಷ್ ಉಪಶೀರ್ಷಿಕೆ ಸೇರಿಸಿ ಪ್ರತಿಗಳನ್ನು ಹಂಚುತ್ತಿದ್ದರು. ತಮ್ಮ ದೇಶದಲ್ಲಿ ಪರವಾನಗಿ ಮಾರಾಟವಾದೊಡನೆ ಹಂಚಿಕೆ ನಿಲ್ಲಿಸಬೇಕೆಂಬ ಕಟ್ಟಳೆ ಅವರಲ್ಲಿ ಅನೇಕರಿಗಿತ್ತು. ಆದರೆ ಅದಕ್ಕೆ ಕಾನೂನಿನ ಬಲವಿರಲಿಲ್ಲ. 2004ರ ಡಿಸೆಂಬರಿನಲ್ಲಿ ಜಪಾನಿನ ಮೀಡಿಯಾ ಫ್ಯಾಕ್ಟರಿ ಸಂಸ್ಥೆಯು ವಕೀಲರ ಮೂಲಕ ಪತ್ರ ಬರೆದು, ತನ್ನ ಕೃತಿಗಳ ಹಂಚಿಕೆ ನಿಲ್ಲಿಸುವಂತೆ ಕೋರಿತು.

ಆದರೂ ನಿಜವಾದ ಬದಲಾವಣೆ ತಂದದ್ದು ಸಕಾಲದ ಪೂರೈಕೆ. 2006ರಲ್ಲಿ ಪರವಾನಗಿರಹಿತ ಪ್ರತಿಗಳೊಂದಿಗೆ ಆರಂಭವಾದ ಕ್ರಂಚಿರೋಲ್, 2009ರ ಜನವರಿಯಿಂದ ಟಿವಿ ಟೋಕಿಯೋ ಒಪ್ಪಂದದಡಿ ‘ನರುಟೊ ಶಿಪ್ಪುಡೆನ್’ ಕಂತುಗಳನ್ನು ಜಪಾನಿನ ಪ್ರಸಾರವಾದ ಗಂಟೆಯೊಳಗೆ ಚಂದಾದಾರರಿಗೆ ಒದಗಿಸತೊಡಗಿತು. ಅಭಿಮಾನಿ ಅನುವಾದಕ್ಕಿದ್ದ ಮುಖ್ಯ ಕಾರಣವೇ ಕುಗ್ಗಿತು. 2021ರಲ್ಲಿ ಸೋನಿ ಸಮೂಹವು ಈ ಸಂಸ್ಥೆಯನ್ನು 117.5 ಕೋಟಿ ಡಾಲರಿಗೆ ಕೊಂಡಿತು.

ಕನ್ನಡದ ಸ್ಥಿತಿ

ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ತಡೆಯಿತ್ತು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಆ ತಡೆಯನ್ನು ಸ್ಪರ್ಧಾವಿರೋಧಿ ಎಂದು ಪರಿಗಣಿಸಿ ದಂಡ ವಿಧಿಸಿತು. 2017ರ ಮಾರ್ಚಿನಲ್ಲಿ ‘ಸತ್ಯದೇವ್ ಐಪಿಎಸ್’ ತೆರೆಕಂಡಿತು. ಆದರೆ 2025ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಬಿಡುಗಡೆಯಾದ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಹಿಂದಿ, ತಮಿಳು, ತೆಲುಗಿನಲ್ಲಿ ಬಂದಿತೇ ಹೊರತು ಕನ್ನಡದಲ್ಲಲ್ಲ. ತಡೆ ತೆರವಾದ ಮಾತ್ರಕ್ಕೆ ಮಾಲು ಬಾರದು. ಆ ಭಾಷೆಗೆ ಹಣ ಹೂಡುವವರೂ ಬೇಕು. ಅನುವಾದ, ಧ್ವನಿಮುದ್ರಣದ ಸಣ್ಣ ಘಟಕಗಳಿಗೆ ಇಲ್ಲಿ ಅವಕಾಶವಿದೆ.

ಕಾನೂನಿನ ಎಚ್ಚರಿಕೆ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ ಅನುವಾದದ ಹಕ್ಕೂ ಒಡೆಯನದೇ. ತಿಳಿದೂ ಉಲ್ಲಂಘಿಸಿದರೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂ. ದಂಡವುಂಟು. ವ್ಯಾಪಾರದ ಲಾಭವಿಲ್ಲದಿದ್ದರೆ ಶಿಕ್ಷೆ ತಗ್ಗಬಹುದೇ ಹೊರತು ಅಪರಾಧ ಅಳಿಯದು. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದು.

ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು:

1. ಪರವಾನಗಿ ಲಿಖಿತವಾಗಿರಲಿ, ನೀಡುವವನಿಗೆ ಆ ಅಧಿಕಾರವಿದೆಯೇ ಎಂಬುದಕ್ಕೆ ದಾಖಲೆ ಕೇಳಬೇಕು.

2. ಸರಕು, ಪ್ರದೇಶ, ಅವಧಿಗಳನ್ನು ನಮೂದಿಸಬೇಕು. ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾನೂನು ಭಾವಿಸುತ್ತದೆ.

3. ಅವಧಿ ಮುಗಿದಾಗ ಉಳಿದ ದಾಸ್ತಾನನ್ನು ಮಾರಲು ಎಷ್ಟು ದಿನಗಳೆಂಬುದನ್ನು ಮೊದಲೇ ಬರೆಸಿಕೊಳ್ಳಬೇಕು.

4. ಮುದ್ರಣದ ಆರ್ಡರ್ ನೀಡುವ ಗಿರಾಕಿಯಿಂದ ಪರವಾನಗಿಯ ಪ್ರತಿ ಪಡೆದ ನಂತರವೇ ಕೆಲಸ ಆರಂಭಿಸಬೇಕು.